ಮಾಡೆಲ್ ಟ್ರೈನ್ ಪಾಯಿಂಟ್ (ಹಳಿ ಕವಲೊಡೆಯೋ ಜಾಗ) ಮೇಲೆ ನಿಂತೋಗತ್ತೆ, ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಹಾಕ್ಸಿದ್ರೆ ಸರಿ ಹೋಗತ್ತಾ?

ಹೋಗಲ್ಲ ಸಾರ್. ಎಚ್ಓ (1:87 ಅಳತೆ) ಸ್ಟಾರ್ಟರ್ ಸೆಟ್ಟು, ಮಾಮೂಲಿ ಡಿಸಿ ಕಂಟ್ರೋಲರ್ರು, ನಿಧಾನಕ್ಕೆ ಓಡ್ಸಿದ್ರೆ ಜರ್ಕ್ ಹೊಡಿಯತ್ತೆ, ಪಾಯಿಂಟ್ ಮೇಲೆ ನಿಂತೇ ಬಿಡತ್ತೆ ಅಂತ ಬರ್ದಿದೀರ, ಇದ್ರಲ್ಲಿ ಕಂಟ್ರೋಲರ್ ತಪ್ಪು ತುಂಬಾ ಕಮ್ಮಿ.

ಡಿಸಿಲಿ ಹಳಿಗೆ 0ಯಿಂದ 12 ವೋಲ್ಟ್ ತನಕ ಕೊಡ್ತೀವಿ, ಜಾಸ್ತಿ ಕೊಟ್ರೆ ಜೋರು, ಪ್ಲಸ್ಸು ಮೈನಸ್ಸು ಅದಲು ಬದಲು ಮಾಡಿದ್ರೆ ರಿವರ್ಸು, ಅಷ್ಟೇ. ಡಿಸಿಸಿಲಿ ಹಳಿ ಮೇಲೆ ಯಾವಾಗ್ಲೂ ಫುಲ್ ವೋಲ್ಟೇಜ್ ಇರತ್ತೆ, ಅದ್ರಲ್ಲೇ ಸಿಗ್ನಲ್ಲೂ ಬರತ್ತೆ, ಇಂಜಿನ್ ಒಳಗಿನ ಡಿಕೋಡರ್ ತನ್ನ ನಂಬರ್‌ಗೆ ಬಂದಿದ್ದನ್ನ ಮಾತ್ರ ಓದ್ಕೊಂಡು ಮೋಟರ್‌ಗೆ ಎಷ್ಟು ಬೇಕೋ ಅಷ್ಟು ಬಿಡತ್ತೆ. ಒಂದೇ ಹಳಿ ಮೇಲೆ ಎರಡು ಇಂಜಿನ್ ಬೇರೆ ಬೇರೆ ಸ್ಪೀಡಲ್ಲಿ ಓಡ್ಸೋಕೆ ಇದು ಚಿನ್ನ. ಆದ್ರೆ ಚಕ್ರಕ್ಕೆ ಕರೆಂಟೇ ಸಿಗ್ತಿಲ್ಲ ಅಂದ್ರೆ ಡಿಕೋಡರ್ ಪಾಪ ಏನ್ ಮಾಡತ್ತೆ? ಸೌಂಡ್ ಇರೋ ಇಂಜಿನ್ನಾದ್ರೆ ಒಂದ್ ಕ್ಷಣ ಕಟ್ ಆದ್ರೂ ಶಬ್ದ ನಿಂತು ಮತ್ತೆ ಮೊದ್ಲಿಂದ ಶುರು ಆಗತ್ತೆ, ಡಿಸಿಗಿಂತ ರೇಜಿಗೆ.

ಮೊದ್ಲು ಜರ್ಕ್ ಎಲ್ಲಿ ಹೊಡಿಯತ್ತೆ ಅಂತ ನೋಡಿ. ಪ್ರತೀ ಸಲ ಅದೇ ಜಾಗ ಅಂದ್ರೆ ಹಳಿ ಪ್ರಾಬ್ಲಮ್ಮು, ಹಳಿ ತುಂಡು ಜೋಡ್ಸೋ ಜಾಯಿನರ್ ಸಡ್ಲ ಆಗಿರತ್ತೆ, ಹಳಿಗೇ ವೈರ್ ಸೋಲ್ಡರ್ ಮಾಡಿ ಕರೆಂಟ್ ಕೊಡಿ. ಪಾಯಿಂಟ್ ಮಧ್ಯೆ ಹಳಿ ಹಳಿ ಕೂಡೋ ಜಾಗಕ್ಕೆ ಫ್ರಾಗ್ ಅಂತಾರಲ್ಲ, ಅದು ಪ್ಲಾಸ್ಟಿಕ್ ಆಗಿದ್ರೆ ಅಲ್ಲಿ ಕರೆಂಟ್ ಇರಲ್ಲ, ನಾಲ್ಕೇ ಚಕ್ರದ ಪುಟಾಣಿ ಶಂಟಿಂಗ್ ಇಂಜಿನ್ ಅಲ್ಲೇ ಕೂತ್ಬಿಡತ್ತೆ. ಎಂಟು ಚಕ್ರದಿಂದ್ಲೂ ಕರೆಂಟ್ ತಗೊಳ್ಳೋದು ಆರಾಮಾಗಿ ದಾಟತ್ತೆ. ಎಲ್ಲೆಲ್ಲೋ ನಿಲ್ತಿದೆ ಅಂದ್ರೆ ಕೊಳೆ, ಬೆಂಗ್ಳೂರ್ ಧೂಳಂತೂ ಕೇಳ್ಬೇಡಿ, ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳಿ, ಚಕ್ರ ಎರಡೂ ಒರೆಸಿ.

ಎಲ್ಲಿ ಓಡ್ಸಿದ್ರೂ ಒಂದೇ ಲಯದಲ್ಲಿ ಟಕ್ ಟಕ್ ಅಂತಿದ್ರೆ ಗೇರು. ನಾನು ಮೂರ್ಖನ ಥರ ಅಂಥದ್ದೊಂದು ಇಂಜಿನ್‌ಗೆ ಡಿಕೋಡರ್ ಹಾಕಿ, ಎರಡು ವಾರ ಸಿವಿ 2, ಸಿವಿ 3 ಅಂತ ಸೆಟ್ಟಿಂಗ್ ತಿರುವ್ತಾ ಕೂತಿದ್ದೆ, ಕೊನೆಗೆ ಬಿಚ್ಚಿ ನೋಡಿದ್ರೆ ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿತ್ತು! ಸೀಳಿದ ಕಡೆ ಹಲ್ಲಿನ ಗ್ಯಾಪ್ ದೊಡ್ಡದಾಗಿ, ಚಕ್ರ ಒಂದ್ ಸುತ್ತು ಬಂದಾಗ್ಲೆಲ್ಲಾ ಒಂದ್ ಸಲ ಎಗರ್ತಿತ್ತು. ಮೇಲ್ಗಡೆ ಹ್ಯಾಂಡ್‌ರೈಲು, ಪೇಂಟು ಎಲ್ಲಾ ಸೂಪರ್ ಇತ್ತು ಬೇರೆ. ಅದಕ್ಕೇ ಈಗ ಯಾವ್ದೇ ಇಂಜಿನ್ ತಗೊಂಡ್ರೂ ಮೊದ್ಲು ತಲೆಕೆಳ್ಗೆ ಮಾಡ್ತೀನಿ. ಕೈಗೆ ತೂಕ ಸಿಗ್ಬೇಕು, ಮೋಟರ್‌ಗೆ ಫ್ಲೈವೀಲ್ (ಓಟ ಒಂದೇ ಸಮ ಇಡೋ ಭಾರದ ಗಾಲಿ) ಇರ್ಬೇಕು, ಒಳಗೆ 8 ಅಥವಾ 21 ಪಿನ್ ಸಾಕೆಟ್ ಇದ್ರೆ ಮುಂದೆ ಡಿಕೋಡರ್ ಹಾಕೋದು ಸುಲಭ. ರಬ್ಬರ್ ಟೈರ್ ಹಾಕಿರೋ ಚಕ್ರ ಎಳೆಯೋಕೆ ಒಳ್ಳೇದು, ಆದ್ರೆ ಅದು ಕರೆಂಟ್ ತಗೊಳ್ಳಲ್ಲ, ಅದನ್ನ ಲೆಕ್ಕದಿಂದ ಬಿಡಿ.

ಎರಡ್ನೇ ಇಂಜಿನ್ ಬಂದ್ಮೇಲೆ ಡಿಸಿಸಿ ಮಾಡಿ. ಎಲೆಕ್ಟ್ರಾನಿಕ್ಸ್ ಬಂದ್ರೆ ಆರ್ಡ್ವಿನೋ ಮೆಗಾ ಅನ್ನೋ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಮೇಲೆ ಡಿಸಿಸಿ-ಇಎಕ್ಸ್ ಹಾಕ್ಕೊಳ್ಳಿ, ಸಾಫ್ಟ್‌ವೇರ್ ಫ್ರೀ, ಫೋನಲ್ಲೇ ಓಡ್ಸ್ಬೋದು. ಡಿಕೋಡರ್ ಇಲ್ದಿರೋ ಇಂಜಿನ್ ಮಾತ್ರ ಆ ಹಳಿ ಮೇಲೆ ಇಡ್ಬೇಡಿ, ಗುಂಯ್ ಅಂತ ಬಿಸಿಯಾಗಿ ಮೋಟರ್ ಸುಟ್ಟೋಗ್ಬೋದು.

ನಿಮ್ದು ಎಷ್ಟು ಚಕ್ರದ್ದು? ತಲೆಕೆಳ್ಗೆ ಮಾಡಿ ಒಂದ್ ಫೋಟೋ ಹಾಕಿ, ನೋಡಿ ಹೇಳ್ತೀನಿ.