ವಿದ್ಯಾರ್ಥಿ ಪ್ರತಿಭಟನೆಯಲ್ಲಿ ಗುಂಪಿನೊಳಗೇ ನಿಂತು ಫೋಟೋ ತೆಗೆಯುವುದು ಹೇಗೆ?

ದೊಡ್ಡ ಜೂಮ್ ಲೆನ್ಸ್ ಬೇಡ, ಅಗಲ ನೋಟ ಕೊಡುವ 28 ಅಥವಾ 35 ಎಂಎಂ ಲೆನ್ಸ್ ಸಾಕು. ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾಗದಿರಲಿ, ತಳ್ಳಾಟದಲ್ಲಿ ಕೈ ಅಲುಗುತ್ತದೆ.

ಹೋದ ಕೂಡಲೇ ಕ್ಯಾಮೆರಾ ಎತ್ತಬೇಡಿ. ಸ್ವಲ್ಪ ಹೊತ್ತು ಸುಮ್ನೆ ಅವರ ಜೊತೆ ನಡೆಯಿರಿ, ಮಾತಾಡಿ. ಘೋಷಣೆ ಕೂಗುವ ಬಾಯಿ ಎಲ್ಲರ ಫೋಟೋದಲ್ಲೂ ಇರುತ್ತದೆ. ನನಗೆ ಜಾಸ್ತಿ ಹಿಡಿಸುವುದು ಮಾರ್ಕರ್ ಮಸಿ ಮೆತ್ತಿದ ಬೆರಳು, ಕೈಯಿಂದ ಕೈಗೆ ದಾಟುವ ಒಂದೇ ನೀರಿನ ಬಾಟಲಿ. ಅದು ಒಳಗಿದ್ದವರಿಗೆ ಮಾತ್ರ ಕಾಣುತ್ತದೆ.

1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧ ವಿರೋಧಿ ಪ್ರತಿಭಟನೆಯ ವೇಳೆ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ಹೆಣದ ಪಕ್ಕ ಮಂಡಿಯೂರಿ ಚೀರುತ್ತಿದ್ದ ಹುಡುಗಿಯ ಫೋಟೋ ತೆಗೆದ ಜಾನ್ ಫಿಲೊ ಅಲ್ಲಿಯದೇ ವಿದ್ಯಾರ್ಥಿ. ಅದಕ್ಕೆ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಬಂತು. ಹುಡುಗಿಗೆ ಆಗ ಬರೀ 14 ವರ್ಷ. ಆ ಚಿತ್ರ ವರ್ಷಗಟ್ಟಲೆ ಅವಳ ಬೆನ್ನು ಬಿಡಲಿಲ್ಲ.

ಅದಕ್ಕೇ ಫೋಟೋ ಹಂಚುವ ಮೊದಲು ಒಂದೊಂದು ಮುಖವನ್ನೂ ನೋಡಿ. ಯಾರಿಗಾದರೂ ತೊಂದರೆ ಆಗಬಹುದು ಅನಿಸಿದರೆ ಮುಖ ಪೂರ್ತಿ ಮುಚ್ಚಿ, ಬರೀ ಮಸುಕು ಮಾಡಿದರೆ ಸಾಲದು. ಫೋಟೋ ತೆಗೆದ ಜಾಗ ತೋರಿಸುವ, ಫೈಲಿನೊಳಗಿನ ಜಿಪಿಎಸ್ ಮಾಹಿತಿಯನ್ನೂ ಅಳಿಸಿ.

ಲಾಠಿ ಶುರುವಾದರೆ ಗೋಡೆಯ ಬದಿಗೆ ಸರಿಯಿರಿ. ಕ್ಯಾಮೆರಾಗೆ ಕಣ್ಣಿಟ್ಟುಕೊಂಡು ಹಿಂದಕ್ಕೆ ಹೆಜ್ಜೆ ಹಾಕಬೇಡಿ.