ಪರಿಸರ ಜಾಗೃತಿಗೆ ಸಿಬ್ಬಂದಿಯ ಬಳಗ: ಯಾರಿರಬೇಕು, ಅವರಿಗೆ ಏನು ಕೆಲಸ?

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಸುಮಾರು 800 ಮಂದಿ ಕೆಲಸ ಮಾಡುತ್ತಾರೆ. ಮೂರು ಕಟ್ಟಡಗಳಿದ್ದು, ಒಂದರಲ್ಲಿ ರಾತ್ರಿ ಪಾಳಿಯೂ ಇದೆ. ಎಲ್ಲ ವಿಭಾಗಗಳಲ್ಲೂ ಪರಿಸರದ ಬಗ್ಗೆ ಅರಿವು ಮೂಡಿಸಲು ಸಿಬ್ಬಂದಿಯದೇ ಒಂದು ಬಳಗ ಕಟ್ಟುವ ಹೊಣೆಯನ್ನು ಆಡಳಿತವು ನನಗೆ ವಹಿಸಿದೆ. ಎರಡು ವರ್ಷಗಳ ಹಿಂದೆ ಇಂಥದೇ ಪ್ರಯತ್ನ ನಡೆದಿತ್ತು. ಆಗ ಮೂವತ್ತು ಮಂದಿ ಹೆಸರು ಕೊಟ್ಟಿದ್ದರು. ಭಿತ್ತಿಪತ್ರ ಅಂಟಿಸಿದರು, ಇಮೇಲ್ ಕಳುಹಿಸಿದರು, ಜೂನ್ 5ರಂದು ಎಲ್ಲರಿಂದ ಪ್ರತಿಜ್ಞೆ ಮಾಡಿಸಿದರು. ಆರು ತಿಂಗಳಾಗುವಷ್ಟರಲ್ಲಿ ಸಭೆಗೆ ಬರುವವರು ನಾಲ್ಕೈದು ಮಂದಿಗೆ ಇಳಿದರು. ವಿದ್ಯುತ್ ಬಿಲ್ಲಾಗಲಿ ಕಸದ ಪ್ರಮಾಣವಾಗಲಿ ಕಡಿಮೆಯಾಗಲಿಲ್ಲ. ಈ ಸಲ ಹೇಗೆ ಆರಂಭಿಸಬೇಕು?

ಉತ್ತರ: ನಿಮ್ಮ ವಿವರಣೆಯನ್ನು ಓದಿದರೆ, ಆ ಮೂವತ್ತು ಮಂದಿಗೆ ಉತ್ಸಾಹ ಕಡಿಮೆಯಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ವಹಿಸಿದ್ದು ಒಂದೇ ಕೆಲಸ: ಬೇರೆಯವರಿಗೆ ಹೇಳುವುದು. ಪಕ್ಕದ ಮೇಜಿನ ಸಹೋದ್ಯೋಗಿಗೆ ದೀಪ ಆರಿಸಿ, ಕಾಗದ ಉಳಿಸಿ ಎಂದು ದಿನವೂ ನೆನಪಿಸುವುದು ಹೇಳುವವರಿಗೂ ಮುಜುಗರ, ಕೇಳುವವರಿಗೂ ಕಿರಿಕಿರಿ. ಅದರಿಂದ ಸಿಗುವ ಫಲವೂ ಅಲ್ಪ. ಬಳಗದ ಪ್ರತಿಯೊಬ್ಬ ಸದಸ್ಯರಿಗೂ ತಮ್ಮ ಉದ್ಯೋಗದ ವ್ಯಾಪ್ತಿಯೊಳಗೇ ಬದಲಿಸಬಹುದಾದ ಒಂದು ಸಂಗತಿ ಇರಬೇಕು, ಮತ್ತು ತಮ್ಮಿಂದ ಆಗದ್ದನ್ನು ಮೇಲಿನವರಿಗೆ ತಲುಪಿಸಿ ಉತ್ತರ ಪಡೆಯುವ ಖಚಿತವಾದ ದಾರಿ ಇರಬೇಕು. ಈ ಎರಡೂ ಇಲ್ಲದ ಬಳಗ ಎಷ್ಟೇ ಸಂಭ್ರಮದಿಂದ ಹುಟ್ಟಿದರೂ ಕೆಲವೇ ತಿಂಗಳಲ್ಲಿ ಸೊರಗುತ್ತದೆ.

ಆದ್ದರಿಂದ ಜನರನ್ನು ಕರೆಯುವ ಮೊದಲು, ನಿಮ್ಮ ಸಂಸ್ಥೆಯಿಂದ ಪರಿಸರದ ಮೇಲೆ ಬೀಳುವ ಹೊರೆ ಎಲ್ಲೆಲ್ಲಿದೆ ಎಂದು ನೋಡಿಕೊಳ್ಳಿ. ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ, 2001ರಲ್ಲಿ ಮೊದಲು ಪ್ರಕಟವಾದ ಜಿಎಚ್‌ಜಿ ಪ್ರೋಟೊಕಾಲ್ ಅದನ್ನು ಮೂರು ಭಾಗ ಮಾಡುತ್ತದೆ: ಸಂಸ್ಥೆ ತಾನೇ ಸುಡುವ ಇಂಧನ ಹಾಗೂ ತನ್ನಲ್ಲೇ ಸೋರುವ ಅನಿಲ, ಕೊಂಡು ತರುವ ವಿದ್ಯುತ್, ಮತ್ತು ಉಳಿದದ್ದೆಲ್ಲ, ಅಂದರೆ ಖರೀದಿಸುವ ವಸ್ತುಗಳು, ಪ್ರಯಾಣ, ಸಾಗಣೆ, ಕಸ. ಬಹಳಷ್ಟು ಸಂಸ್ಥೆಗಳಲ್ಲಿ ಈ ಮೂರನೆಯ ಭಾಗವೇ ದೊಡ್ಡದು. ಆದರೆ ಜಾಗೃತಿ ಕಾರ್ಯಕ್ರಮಗಳು ಎರಡನೆಯದರಲ್ಲಿಯೂ ದೀಪದ ಸ್ವಿಚ್ಚಿನ ಬಳಿಯೇ ನಿಂತುಬಿಡುತ್ತವೆ. ಪರಿಸರ ನಿರ್ವಹಣೆಗೆ ಸಂಬಂಧಿಸಿದ ಐಎಸ್‌ಒ 14001 ಮಾನದಂಡದ 2015ರ ಆವೃತ್ತಿಯು ಜಾಗೃತಿಯ ಕುರಿತು ಹೇಳುವುದನ್ನು ಇಲ್ಲಿ ನೆನಪಿಸಬೇಕು. ಸಿಬ್ಬಂದಿಗೆ ಸಂಸ್ಥೆಯ ಪರಿಸರ ನೀತಿ ಗೊತ್ತಿದ್ದರೆ ಸಾಲದು, ತಾವು ಮಾಡುವ ಕೆಲಸದಿಂದಲೇ ಆಗುವ ಮುಖ್ಯ ಪರಿಣಾಮಗಳೂ ಅವುಗಳಲ್ಲಿ ತಮ್ಮ ಪಾತ್ರವೂ ತಿಳಿದಿರಬೇಕು ಎಂದು ಅದು ಬಯಸುತ್ತದೆ. ಪ್ರಮಾಣಪತ್ರ ಪಡೆಯುವ ಉದ್ದೇಶ ನಿಮಗಿಲ್ಲದಿದ್ದರೂ ಈ ಒಂದು ಅಂಶವನ್ನು ಎತ್ತಿಕೊಳ್ಳಿ. ಲೆಕ್ಕಪತ್ರ ವಿಭಾಗದವರಿಗೂ ಅಡುಗೆಮನೆಯವರಿಗೂ ಒಂದೇ ಉಪನ್ಯಾಸ ಕೊಡುವ ತಪ್ಪನ್ನು ಅದು ತಪ್ಪಿಸುತ್ತದೆ.

ಇನ್ನು ಯಾರನ್ನು ಸೇರಿಸಬೇಕೆಂಬುದು. ನನ್ನ ಮಟ್ಟಿಗೆ ಇಡೀ ಕಾರ್ಯದಲ್ಲಿ ಇದಕ್ಕಿಂತ ಮಹತ್ವದ ತೀರ್ಮಾನವಿಲ್ಲ. ಆಸಕ್ತರು ಹೆಸರು ಕೊಡಿ ಎಂದು ಸುತ್ತೋಲೆ ಹೊರಡಿಸಿದರೆ ಬರುವವರು ಸಾಮಾನ್ಯವಾಗಿ ಈಗಾಗಲೇ ಪರಿಸರದ ಬಗ್ಗೆ ಕಾಳಜಿಯುಳ್ಳ, ಒಂದೇ ಬಗೆಯ ಕೆಲಸ ಮಾಡುವ, ಹಗಲು ಹೊತ್ತಿನಲ್ಲಿ ಬಿಡುವು ಮಾಡಿಕೊಳ್ಳಬಲ್ಲ ಜನ. ಅವರು ಖಂಡಿತ ಬೇಕು. ಆದರೆ ಟೆಂಡರಿನ ಷರತ್ತುಗಳನ್ನು ಬರೆಯುವವರು, ಎಸಿ ಎಷ್ಟು ಹೊತ್ತಿಗೆ ಶುರುವಾಗಬೇಕೆಂದು ನಿಗದಿ ಮಾಡುವ ತಂತ್ರಜ್ಞರು, ಪ್ರಯಾಣದ ಟಿಕೆಟ್ ಕಾಯ್ದಿರಿಸುವವರು, ಎಲ್ಲ ಪ್ರಿಂಟರ್‌ಗಳೂ ತಾವಾಗಿಯೇ ಹಾಳೆಯ ಎರಡೂ ಬದಿಯಲ್ಲಿ ಮುದ್ರಿಸುವಂತೆ ಹೊಂದಿಸಬಲ್ಲ ಕಂಪ್ಯೂಟರ್ ವಿಭಾಗದವರು, ಕ್ಯಾಂಟೀನಿನ ಮೇಲ್ವಿಚಾರಕರು, ಇವರೆಲ್ಲ ಒಂದೊಂದು ನಿರ್ಧಾರದಿಂದ ನೂರಾರು ಜನರ ಅಭ್ಯಾಸವನ್ನು ಬದಲಿಸಬಲ್ಲವರು. ಇವರಲ್ಲಿ ಒಬ್ಬೊಬ್ಬರನ್ನೂ ನೀವೇ ಹುಡುಕಿಕೊಂಡು ಹೋಗಿ, ಅವರ ಕೆಲಸದ ಯಾವ ಭಾಗಕ್ಕಾಗಿ ಕರೆಯುತ್ತಿದ್ದೀರಿ ಎಂದು ತಿಳಿಸಿ ಆಹ್ವಾನಿಸಬೇಕು.

ಅಷ್ಟೇ ಮುಖ್ಯರಾದವರು, ಆದರೆ ಪಟ್ಟಿಯಲ್ಲಿ ಬಹುತೇಕ ಎಂದೂ ಕಾಣದವರು ಸ್ವಚ್ಛತಾ ಸಿಬ್ಬಂದಿ ಮತ್ತು ರಾತ್ರಿ ಕಾವಲಿನವರು. ಯಾವ ಬುಟ್ಟಿಯಲ್ಲಿ ಏನು ಬೀಳುತ್ತದೆ, ಬೇರ್ಪಡಿಸಿದ ಕಸ ಎಲ್ಲಿ ಮತ್ತೆ ಒಂದಾಗುತ್ತದೆ, ಯಾವ ಮಹಡಿಯಲ್ಲಿ ಇಡೀ ರಾತ್ರಿ ಯಂತ್ರಗಳು ಓಡುತ್ತಿರುತ್ತವೆ, ಯಾವ ನಲ್ಲಿ ವಾರಗಟ್ಟಲೆ ಸೋರಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಅವರಲ್ಲಿ ಅನೇಕರು ಗುತ್ತಿಗೆಯ ಮೇಲೆ ಬಂದವರಾಗಿರಬಹುದು. ಹಾಗಿದ್ದರೆ ಸಭೆಯ ಸಮಯಕ್ಕೂ ಅವರಿಗೆ ಸಂಬಳ ಸಿಗುವಂತೆ ಗುತ್ತಿಗೆದಾರರೊಡನೆ ಮೊದಲೇ ಮಾತನಾಡಿಕೊಳ್ಳಿ. ಪಾಳಿ ಮುಗಿದ ಮೇಲೆ ಪುಕ್ಕಟೆಯಾಗಿ ಕೂರಿಸುವುದು ನ್ಯಾಯವಲ್ಲ. ಸಭೆಯಲ್ಲಿ ಅವರು ಸುಮ್ಮನಿದ್ದರೆ, ಅವರ ಕೆಲಸದ ಹೊತ್ತಿನಲ್ಲಿ ನೀವೇ ಅವರ ಜೊತೆ ಒಂದು ಸುತ್ತು ಹಾಕಿ. ಅಧಿಕಾರಿಗಳ ನಡುವೆ ಕುಳಿತು ಆಡದ ಮಾತನ್ನು ಅವರು ಅಲ್ಲಿ ಆಡುತ್ತಾರೆ.

ಕೆಲಸಕ್ಕೆ ಹೊಂದಿಕೊಂಡ ಜಾಗೃತಿ ಏನು ಮಾಡಬಲ್ಲದು ಎಂಬುದಕ್ಕೆ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಉದಾಹರಣೆಯನ್ನು ನೋಡಬಹುದು. ಅಲ್ಲಿನ ದಾದಿಯರು, ಸೋಂಕು ನಿಯಂತ್ರಣದ ಪರಿಣತರ ಮುಂದಾಳುತನದಲ್ಲಿ, 2018ರಲ್ಲಿ ಕೈಗವಸಿನ ಅನಗತ್ಯ ಬಳಕೆಯನ್ನು ತಡೆಯುವ ಅಭಿಯಾನ ಆರಂಭಿಸಿದರು. ಯಾವ ಕೆಲಸಕ್ಕೆ ಕೈಗವಸು ಬೇಕೇ ಬೇಕು, ಎಲ್ಲಿ ಕೈ ತೊಳೆಯುವುದೇ ಹೆಚ್ಚು ಸುರಕ್ಷಿತ ಎಂದು ಸಹೋದ್ಯೋಗಿಗಳಿಗೆ ತಿಳಿಸಿಕೊಟ್ಟರು. ಒಂದು ವರ್ಷದಲ್ಲಿ ಸುಮಾರು 21 ಟನ್ ಪ್ಲಾಸ್ಟಿಕ್ ಉಳಿಯಿತು. ಅವರು ಪ್ಲಾಸ್ಟಿಕ್ಕಿನ ಹಾನಿಯ ಕುರಿತ ಉಪದೇಶವನ್ನೇ ನೆಚ್ಚಿಕೊಳ್ಳಲಿಲ್ಲ. ರೋಗಿಯ ಸುರಕ್ಷತೆ, ತಮ್ಮ ಕೈಗಳ ಚರ್ಮದ ಆರೋಗ್ಯ, ತಮ್ಮ ವೃತ್ತಿಯ ನೈಪುಣ್ಯ ಇವುಗಳ ಮೂಲಕ ಅಲ್ಲಿಗೆ ತಲುಪಿದರು. ಕೈಗವಸು ಬಿಡಿ ಎಂದು ಹೊರಗಿನ ಪರಿಸರ ಅಧಿಕಾರಿಯೊಬ್ಬರು ಹೇಳಿದ್ದರೆ ಯಾವ ದಾದಿಯೂ ಒಪ್ಪುತ್ತಿರಲಿಲ್ಲ, ಒಪ್ಪಬಾರದು ಕೂಡ. ಅರಿವಳಿಕೆ ತಜ್ಞರದ್ದೂ ಇದೇ ಬಗೆಯ ಸಂಗತಿ. ಡೆಸ್‌ಫ್ಲುರೇನ್ ಎಂಬ ಅರಿವಳಿಕೆ ಅನಿಲವು ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 2,500 ಪಟ್ಟಿನಷ್ಟು ಹೆಚ್ಚು ತಾಪಕಾರಿ ಎಂದು ತಿಳಿದ ಮೇಲೆ ಅನೇಕ ಕಡೆ ಅದನ್ನು ಬಿಟ್ಟು ಬೇರೆ ಅನಿಲ ಬಳಸಲು ಮುಂದಾದವರು ಆ ವೈದ್ಯರೇ. ನಿಮ್ಮದು ಆಸ್ಪತ್ರೆಯಲ್ಲದಿರಬಹುದು, ಆದರೆ ನಿಮ್ಮ ಪ್ರತಿ ವಿಭಾಗದಲ್ಲೂ ಆ ವಿಭಾಗದವರು ಮಾತ್ರ ಕಾಣಬಲ್ಲ, ಅವರು ಮಾತ್ರ ತೀರ್ಮಾನಿಸಬಲ್ಲ ಇಂಥದೊಂದು ಅನಗತ್ಯ ಬಳಕೆ ಇದ್ದೇ ಇರುತ್ತದೆ. ಅದನ್ನು ಹುಡುಕುವುದನ್ನೇ ಬಳಗದ ಮೊದಲ ಕೆಲಸವನ್ನಾಗಿ ಮಾಡಿ.

ಹುಡುಕಾಟಕ್ಕೆ ಸುಲಭವಾದ ಆರಂಭವೆಂದರೆ ರಾತ್ರಿಯ ಮೀಟರ್. ಪಾಳಿಯಿಲ್ಲದ ಎರಡು ಕಟ್ಟಡಗಳಲ್ಲಿ ರಾತ್ರಿ 11ಕ್ಕೆ ಮತ್ತು 12ಕ್ಕೆ ಮೀಟರ್ ಓದಿ, ಆ ಒಂದು ಗಂಟೆಯ ಬಳಕೆಯನ್ನು ಮಧ್ಯಾಹ್ನದ ಒಂದು ಗಂಟೆಯ ಬಳಕೆಯೊಡನೆ ಹೋಲಿಸಿ. ಯಾರೂ ಇಲ್ಲದ ಕಟ್ಟಡ ಹಗಲಿನ ಅರ್ಧದಷ್ಟು ವಿದ್ಯುತ್ ಬಳಸುತ್ತಿದ್ದರೆ ಅದು ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ, ಮತ್ತು ಹತ್ತು ಭಿತ್ತಿಪತ್ರಗಳಿಗಿಂತ ಆ ಪ್ರಶ್ನೆ ಜನರನ್ನು ಹೆಚ್ಚು ಒಗ್ಗೂಡಿಸುತ್ತದೆ. ಕಾರ್ಯಾಗಾರವಿದ್ದರೆ, ಯಂತ್ರಗಳೆಲ್ಲ ನಿಂತಾಗ ಗಾಳಿಯ ಕಂಪ್ರೆಸರ್ ಮತ್ತೆ ಮತ್ತೆ ಚಾಲೂ ಆಗುತ್ತಿದೆಯೇ ಎಂದು ಗಮನಿಸಿ. ನಿಗಾ ಇಲ್ಲದ ಕಡೆ ಕಂಪ್ರೆಸರ್ ಒದಗಿಸುವ ಗಾಳಿಯಲ್ಲಿ ಶೇ 20ರಿಂದ 30ರಷ್ಟು ಸೋರಿಕೆಯಲ್ಲೇ ಹೋಗುವುದು ಅಪರೂಪವೇನಲ್ಲ. ಫ್ಯಾನು ಮತ್ತು ಪಂಪುಗಳಲ್ಲಿ ಉಳಿತಾಯ ಇನ್ನೂ ಅಚ್ಚರಿಯದು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ತತ್ವತಃ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇವೆಲ್ಲ ನಿರ್ವಹಣಾ ವಿಭಾಗದ ತಂತ್ರಜ್ಞರಿಗೆ ಗೊತ್ತಿರುವ ವಿಷಯಗಳೇ. ಅವರನ್ನು ಯಾರೂ ಕೇಳಿರುವುದಿಲ್ಲ, ಅಷ್ಟೆ.

ಸಮಯ ಮತ್ತು ಅಧಿಕಾರದ ವಿಷಯದಲ್ಲಿ ಆಡಳಿತದೊಡನೆ ಈಗಲೇ ಬಿಗಿಯಾಗಿ ಮಾತನಾಡಿ. ಪ್ರತಿ ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಎರಡು ಗಂಟೆ ಕೆಲಸದ ಹೊತ್ತಿನಲ್ಲೇ ಸಿಗಬೇಕು, ಮತ್ತು ಆ ಒಪ್ಪಿಗೆ ಅವರ ನೇರ ಮೇಲಧಿಕಾರಿಯಿಂದ ಬರಹದಲ್ಲಿ ಬರಬೇಕು. ಸಂಸ್ಥೆಯ ಮುಖ್ಯಸ್ಥರ ಸಾಮಾನ್ಯ ಹಾರೈಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವಿಭಾಗಕ್ಕೆ ಇಬ್ಬರಿದ್ದರೆ ರಜೆ, ಪಾಳಿ, ವರ್ಗಾವಣೆಗಳಲ್ಲಿ ಕೊಂಡಿ ಕಳಚುವುದಿಲ್ಲ. ಅವಧಿ ಒಂದು ವರ್ಷವೆಂದಿರಲಿ. ಮುಂದುವರಿಯಲು ಬಯಸದವರು ಗೌರವದಿಂದ ಹೊರಬರುವಂತಾಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬಳಗದಿಂದ ಹೋದ ಯಾವುದೇ ಸಲಹೆಗೆ ಮೂವತ್ತು ದಿನಗಳೊಳಗೆ ಉತ್ತರ ಬರಲೇಬೇಕೆಂಬ ನಿಯಮವನ್ನು ಮಾಡಿಸಿಕೊಳ್ಳಿ: ಮಾಡುತ್ತೇವೆ, ಇಂಥ ಕಾರಣಕ್ಕೆ ಮಾಡಲಾಗದು, ಅಥವಾ ಇಂಥ ತಿಂಗಳಲ್ಲಿ ಪರಿಶೀಲಿಸುತ್ತೇವೆ. ಕಾರಣ ಸಹಿತವಾದ ನಿರಾಕರಣೆಯನ್ನು ಜನ ಸ್ವೀಕರಿಸುತ್ತಾರೆ. ಮೂರು ಸಲ ಮೌನವೇ ಉತ್ತರವಾದರೆ ನಾಲ್ಕನೆಯ ಸಲ ಅವರು ಬರುವುದಿಲ್ಲ. ನಿಮ್ಮ ಹಿಂದಿನ ಬಳಗದವರನ್ನು ಕರೆದು ಕೇಳಿ ನೋಡಿ, ಬಹುಶಃ ಇದನ್ನೇ ಹೇಳುತ್ತಾರೆ.

ಹೇಳುವ ರೀತಿಯ ಬಗ್ಗೆಯೂ ಸಂಶೋಧನೆಯಿಂದ ಕಲಿಯುವುದಿದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೋಟೆಲಿನ ಅತಿಥಿಗಳಿಗೆ ಪರಿಸರ ರಕ್ಷಣೆಗಾಗಿ ಟವೆಲನ್ನು ಮತ್ತೆ ಬಳಸಿ ಎಂದು ಕೇಳಿದ್ದಕ್ಕಿಂತ, ಇಲ್ಲಿ ತಂಗಿದ ಹೆಚ್ಚಿನವರು ಹಾಗೆ ಮಾಡಿದ್ದಾರೆ ಎಂದು ತಿಳಿಸಿದ್ದೇ ಹೆಚ್ಚು ಪರಿಣಾಮಕಾರಿಯಾಯಿತು. ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೆರೆಹೊರೆಯ ಸರಾಸರಿ ವಿದ್ಯುತ್ ಬಳಕೆಯನ್ನು ತಿಳಿಸಿದಾಗ ಹೆಚ್ಚು ಬಳಸುತ್ತಿದ್ದ ಮನೆಗಳು ಕಡಿಮೆ ಮಾಡಿದವು, ಆದರೆ ಕಡಿಮೆ ಬಳಸುತ್ತಿದ್ದ ಮನೆಗಳು ಬಳಕೆಯನ್ನು ಏರಿಸಿಬಿಟ್ಟವು. ಅಂಥ ಮನೆಗಳಿಗೆ ಅಂಕಿಯ ಜೊತೆ ಒಂದು ನಗುಮುಖದ ಚಿತ್ರವನ್ನೂ ಕೊಟ್ಟಾಗ ಆ ಏರಿಕೆ ನಿಂತಿತು. ಆದ್ದರಿಂದ ನಮ್ಮಲ್ಲಿ ಎಲ್ಲರೂ ಕಾಗದ ಪೋಲು ಮಾಡುತ್ತಿದ್ದಾರೆ ಎಂದು ಬರೆದು ಪೋಲನ್ನೇ ರೂಢಿಯಾಗಿ ತೋರಿಸಬೇಡಿ, ಮತ್ತು ವಿಭಾಗಗಳ ಅಂಕಿಗಳನ್ನು ಪ್ರಕಟಿಸುವಾಗ ಮುಂದಿರುವವರಿಗೆ ಮೆಚ್ಚುಗೆಯನ್ನು ಮರೆಯಬೇಡಿ.

ಫಲಿತಾಂಶವನ್ನು ಸಭೆಗಳ ಸಂಖ್ಯೆಯಿಂದ ಅಳೆಯಬಾರದು. ಅದೇ ಮೀಟರ್, ಹಿಂದಿನ ವರ್ಷದ ಅದೇ ತಿಂಗಳು, ತೂಗಿದ ಕಸ, ಖರೀದಿಯ ದಾಖಲೆ ಇವಷ್ಟು ಸಾಕು. ಏರಿಕೆಯಾದರೆ ಅದನ್ನೂ ಪ್ರಕಟಿಸಿ.

ಪ್ರಶ್ನೆ: ನಾನು ಇಂಥ ಒಂದು ಬಳಗದ ಸದಸ್ಯೆ. ಕಾಗದದ ಲೋಟ ಬೇಡ ಎಂದು ನಾವು ಕೇಳಿದಾಗ, ಮೊದಲು ಅಧಿಕಾರಿಗಳು ಸಣ್ಣ ಸಭೆಗೂ ವಿಮಾನದಲ್ಲಿ ಹೋಗುವುದನ್ನು ನಿಲ್ಲಿಸಲಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಏನು ಉತ್ತರಿಸಲಿ?

ಉತ್ತರ: ಅವರು ಹೇಳುವುದರಲ್ಲಿ ಸತ್ಯವಿದೆ, ಅದನ್ನು ಒಪ್ಪಿಕೊಳ್ಳಿ. ಒಂದು ದೂರದ ವಿಮಾನ ಪ್ರಯಾಣದ ಹೊರೆಯ ಮುಂದೆ ಒಬ್ಬರು ವರ್ಷವಿಡೀ ಬಳಸುವ ಕಾಗದದ ಲೋಟಗಳ ಹೊರೆ ಬಹಳ ಚಿಕ್ಕದು. ಆದರೆ ಅಧಿಕಾರಿಗಳನ್ನು ವೈಯಕ್ತಿಕವಾಗಿ ಪ್ರಶ್ನಿಸುವ ಕೆಲಸವನ್ನು ಬಳಗದ ಸದಸ್ಯರ ಮೇಲೆ ಹೊರಿಸಬಾರದು. ಅದರಿಂದ ನಿಮ್ಮ ಉದ್ಯೋಗಕ್ಕೂ ಮನಸ್ಸಿಗೂ ತೊಂದರೆಯಾದೀತು. ಪ್ರಯಾಣ ವಿಭಾಗದಿಂದ ಹಿಂದಿನ ವರ್ಷದ ಅಂಕಿಗಳನ್ನು ಹೆಸರುಗಳಿಲ್ಲದೆ ಪಡೆದು, ಎಷ್ಟು ಪ್ರಯಾಣಗಳನ್ನು ರೈಲಿನಲ್ಲಿ ಅಥವಾ ವಿಡಿಯೊ ಸಭೆಯಲ್ಲಿ ಮುಗಿಸಬಹುದಿತ್ತು ಎಂದು ಲೆಕ್ಕ ಹಾಕಿ, ಪ್ರಯಾಣ ನೀತಿಯ ಪ್ರಶ್ನೆಯಾಗಿಯೇ ಬಳಗದ ಹೆಸರಿನಲ್ಲಿ ಆಡಳಿತದ ಮುಂದಿಡಿ. ಅದಕ್ಕೆ ಬಂದ ಉತ್ತರ ಏನೇ ಇರಲಿ, ಸಹೋದ್ಯೋಗಿಗಳಿಗೆ ಹಾಗೆಯೇ ತಿಳಿಸಿ. ಆ ಉತ್ತರ ಬರುವವರೆಗೆ ಲೋಟದ ಮಾತನ್ನು ಬದಿಗಿಡಿ.