ಓದುಗರ ಪ್ರಶ್ನೆ: ಕರ್ಫ್ಯೂ ಬಿದ್ದಾಗ ಮನೆ ನಡೆಸುವುದು ಹೇಗೆ?

ನಮ್ಮ ಮನೆ ಮಂಗಳೂರಿನ ಬಂದರಿನಲ್ಲಿ. ಗಲಾಟೆಯಾದಾಗ ಒಮ್ಮೆ ‘144’ ಅನ್ನುತ್ತಾರೆ, ಇನ್ನೊಮ್ಮೆ ಕರ್ಫ್ಯೂ ಅನ್ನುತ್ತಾರೆ. ಕೆಲಸಕ್ಕೆ ಹೋಗಬಹುದೋ, ಇಲ್ಲವೋ?

2024ರ ಜುಲೈ 1ರಿಂದ 144 ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಬಂದಿದೆ. ಜನರ ಬಾಯಲ್ಲಿ ಮಾತ್ರ ಇನ್ನೂ 144. ಬರೀ ನಿಷೇಧಾಜ್ಞೆಯಾದರೆ ಸಾಮಾನ್ಯವಾಗಿ ಗುಂಪು ಸೇರುವುದಕ್ಕೆ, ಮೆರವಣಿಗೆಗೆ, ಆಯುಧ ಒಯ್ಯುವುದಕ್ಕೆ ತಡೆ. ಒಬ್ಬರೇ ಕೆಲಸಕ್ಕೆ ಹೋಗಿಬರಲು ಅಡ್ಡಿಯಿಲ್ಲ. ಕರ್ಫ್ಯೂ ಎಂದರೆ ಹೊಸಿಲು ದಾಟುವಂತಿಲ್ಲ. ಆದೇಶದಲ್ಲಿ ಮೂರು ಸಂಗತಿ ನೋಡಿ: ಯಾವ ಠಾಣೆಗಳ ವ್ಯಾಪ್ತಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾರಿಗೆ ವಿನಾಯಿತಿ. ಮನೆ ಒಂದು ಠಾಣೆಗೆ, ಕೆಲಸದ ಜಾಗ ಇನ್ನೊಂದಕ್ಕೆ ಸೇರಿರುತ್ತದೆ. ಜನ ಎಡವುವುದು ಅಲ್ಲೇ.

2019ರ ಡಿಸೆಂಬರ್ 19ರ ಗೋಲಿಬಾರ್ ಆದಮೇಲೆ ಇಲ್ಲಿ ಕರ್ಫ್ಯೂ ಜೊತೆಗೆ ಇಂಟರ್ನೆಟ್ಟೂ ನಿಂತಿತ್ತು. ಈಗ ಅಂಗಡಿಯವರೆಲ್ಲ ಯುಪಿಐ ಅನ್ನುತ್ತಾರೆ. ಮತ್ತೆ ಹಾಗಾದರೆ?

ಡೇಟಾ ಮಾತ್ರ ನಿಲ್ಲಿಸಿದರೆ ಕರೆ, ಎಸ್ಸೆಮ್ಮೆಸ್ ನಡೆಯುತ್ತವೆ. ಆಗ *99# ಒತ್ತಿ ಹಣ ಕಳಿಸಬಹುದು, ಒಂದು ಸಲಕ್ಕೆ 5,000 ರೂಪಾಯಿವರೆಗೆ. ಆದರೆ ಇದನ್ನು ಇವತ್ತೇ ಸಿದ್ಧ ಮಾಡಿಕೊಳ್ಳಬೇಕು: ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ಮಿನಿಂದಲೇ ಒತ್ತಿ, ಯುಪಿಐ ಪಿನ್ ಇಲ್ಲದಿದ್ದರೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು-ವರ್ಷ ಕೇಳುತ್ತದೆ. ಹತ್ತು ರೂಪಾಯಿ ಕಳಿಸಿ ಪರೀಕ್ಷಿಸಿ. ಇದರಲ್ಲಿ ಕ್ಯೂಆರ್ ಸ್ಕ್ಯಾನ್ ಇಲ್ಲ, ಅಂಗಡಿಯವರ ಮೊಬೈಲ್ ನಂಬರ್ ಅಥವಾ ಯುಪಿಐ ಐಡಿ ಬೇಕು. ಪರದೆಯೆದುರು ತಡವರಿಸಿದರೆ ಮೆನು ಕಡಿದುಹೋಗುತ್ತದೆ, ಹಾಗಾಗಿ ನಂಬರನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮನ್ನು ಕೇಳಿದರೆ, ಇದಕ್ಕಿಂತ ನಗದೇ ವಾಸಿ. ಎಟಿಎಂಗೆ ಹಣ ತುಂಬುವ ಗಾಡಿ ಬಾರದಿದ್ದರೆ ಇದ್ದ ಹಣ ಬೇಗ ಖಾಲಿಯಾಗುತ್ತದೆ. ನಾಲ್ಕು ದಿನದ ಹಾಲು, ತರಕಾರಿ, ರಿಕ್ಷಾಕ್ಕೆ ಆಗುವಷ್ಟನ್ನು 10, 20, 50ರ ನೋಟಿನಲ್ಲಿ ಇಡಿ. 500ಕ್ಕೆ ಆ ಹೊತ್ತಿನಲ್ಲಿ ಚಿಲ್ಲರೆ ಕೊಡುವವರಿಲ್ಲ. ರೈಲು ಟಿಕೆಟ್, ಹಾಲ್ ಟಿಕೆಟ್ ಕಾಗದದಲ್ಲಿರಲಿ.

ಅಪ್ಪನಿಗೆ ವಾರಕ್ಕೆ ಮೂರು ಡಯಾಲಿಸಿಸ್. ಅಮ್ಮನಿಗೆ ಇನ್ಸುಲಿನ್.

ಡಯಾಲಿಸಿಸ್ ಮುಂದೂಡಬೇಡಿ. ಆಸ್ಪತ್ರೆಯ ಘಟಕದ ಫೋನ್ ನಂಬರ್ ಮತ್ತು ಸರದಿಯ ದಿನಗಳನ್ನು ಬರೆದ ಚೀಟಿ ಈಗಲೇ ಪಡೆದುಕೊಳ್ಳಿ. ಗಲಾಟೆಯ ಸುಳಿವು ಸಿಕ್ಕ ಕೂಡಲೇ ಫೋನ್ ಮಾಡಿ, ಸರದಿಯನ್ನು ಹಿಂದಕ್ಕಲ್ಲ, ಮುಂಚೆಯೇ ಮಾಡಿಸಲು ಕೇಳಿ. ಪೊಲೀಸರು ತಡೆದರೆ ಚೀಟಿ, ಕಡತ ತೋರಿಸಿ. ಠಾಣೆಗೆ ಮೊದಲೇ ತಿಳಿಸಿದ್ದರೆ ಇನ್ನೂ ಸಲೀಸು. ವಾಹನ ಸಿಗದಿದ್ದರೆ 108. ಸರದಿ ತಪ್ಪುವ ಸಂಭವವಿದ್ದರೆ ನೀರು ಎಷ್ಟು ಕುಡಿಯಬಹುದು ಎಂದು ವೈದ್ಯರನ್ನೇ ಕೇಳಿ. ಎಳನೀರು, ಬಾಳೆಹಣ್ಣು ಬೇಡವೇ ಬೇಡ: ಅವುಗಳ ಪೊಟ್ಯಾಸಿಯಂ ರಕ್ತದಲ್ಲಿ ಸೇರಿ ಹೃದಯದ ಬಡಿತ ಕೆಡಿಸುತ್ತದೆ. ಸುಸ್ತಾಗಿದೆಯೆಂದು ಎಳನೀರು ಕುಡಿಸುವುದು ನಮ್ಮೂರಿನ ಅಭ್ಯಾಸ, ಅದಕ್ಕೇ ಒತ್ತಿ ಹೇಳುತ್ತಿದ್ದೇವೆ.

ಇನ್ಸುಲಿನ್ ಹತ್ತು ದಿನಕ್ಕೆ ಆಗುವಷ್ಟು ಉಳಿದಿರುವಾಗಲೇ ಮುಂದಿನದನ್ನು ತನ್ನಿ. ಒಡೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರಿನಲ್ಲಿ ಬೇಡ. ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಮೆಡಿಕಲ್ ಶಾಪ್ ಮುಚ್ಚಿದ್ದರೆ ದೊಡ್ಡ ಆಸ್ಪತ್ರೆಯೊಳಗಿನ ಔಷಧ ಅಂಗಡಿಯಲ್ಲಿ ವಿಚಾರಿಸಿ.

ಸಿಲಿಂಡರ್ ಮುಗಿಯುವ ಹೊತ್ತಿಗೇ ಕರ್ಫ್ಯೂ ಬಂದರೆ?

ಗ್ಯಾಸ್ ತಿನ್ನುವುದು ಕುಚ್ಚಲಕ್ಕಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿ ಬಂದಮೇಲೆ ಹದಿನೈದು-ಇಪ್ಪತ್ತು ನಿಮಿಷ ಬೇಯಿಸಿ, ಪಾತ್ರೆ ಸಮೇತ ಥರ್ಮಲ್ ಕುಕ್ಕರಿನ ಡಬ್ಬಿಯೊಳಗಿಟ್ಟು ಮುಚ್ಚಿಬಿಡಿ. ಒಂದೂವರೆ ಗಂಟೆಯಲ್ಲಿ ಅನ್ನವಾಗಿರುತ್ತದೆ. ನಡುವೆ ಮುಚ್ಚಳ ತೆಗೆದರೆ ಬಿಸಿ ಹೋಗಿ ಅಕ್ಕಿ ನಡುವಲ್ಲಿ ಗಟ್ಟಿ ಉಳಿಯುತ್ತದೆ.